ಅಳಿವೆಯ ಕೆಸರೂ ತೋಟದ ಮೈಲುತುತ್ತೂ

ಅಳಿವೆಯಲ್ಲಿ ಕಾಂಡ್ಲ ಗಿಡಗಳ ಬುಡಕ್ಕೆ ಕೂತಿರುವ ಕರಿ ಕೆಸರು ಅಷ್ಟೊಂದು ಫಲವತ್ತಾಗಿ ಕಾಣುವಾಗ, ಅದನ್ನು ದೋಣಿಯಲ್ಲಿ ತುಂಬಿ ತಂದು ತೆಂಗಿನ ಕಟ್ಟೆಗೂ ಕಂಗಿನ ಬುಡಕ್ಕೂ ಏಕೆ ಹಾಕಬಾರದು ಎಂದು ಕೇಳುವ ಕೃಷಿಕರು ನಮ್ಮ ಹೊಳೆಬದಿಗಳಲ್ಲಿ ಇಂದಿಗೂ ಇದ್ದಾರೆ. ಪ್ರಶ್ನೆ ಅಸಂಬದ್ಧವಾದುದಲ್ಲ. ಬೇಸಗೆಯಲ್ಲಿ ಕೆರೆಯ ಹೂಳೆತ್ತಿ ತೋಟಕ್ಕೆ ಹೊರುವ ಪದ್ಧತಿ ನಮ್ಮ ಹಿರಿಯರಿಂದ ಬಂದದ್ದು. ಒಳ್ಳೆಯ ಪದ್ಧತಿಯೂ ಹೌದು. ಆದರೆ ಕೆರೆಯ ಹೂಳು ಬೇರೆ, ಉಪ್ಪುನೀರಿನ ಕೆಸರು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೋಟಕ್ಕೂ ನಷ್ಟ, ಹೊಳೆಗೂ ನಷ್ಟ. ಅಷ್ಟೇ ಅಲ್ಲ, ಆ ಕೆಸರಿನೊಳಗೆ ಈಗ ಏನೇನು ಸೇರಿಕೊಂಡಿದೆ, ಅದರಲ್ಲಿ ನಮ್ಮ ತೋಟಗಳಿಂದ ಹೋದದ್ದೆಷ್ಟು ಎಂಬ ಲೆಕ್ಕವನ್ನು ಕೃಷಿಕರಾದ ನಾವೇ ಮುಂದಾಗಿ ಕೇಳಬೇಕಾದ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಗುಡ್ಡದಿಂದ ಕೆಂಪಾಗಿ ಇಳಿದು ಬರುವ ನೀರಿನಲ್ಲಿ ದಪ್ಪ ಮರಳು ದಾರಿಯಲ್ಲೇ ನಿಲ್ಲುವುದು. ನುಣ್ಣನೆಯ ಜೇಡಿ ಮಾತ್ರ ಕೊನೆಯ ತನಕ ತೇಲಿಕೊಂಡು ಹೋಗುವುದು. ಕಲಕಿದ ನೀರಿನ ಕೊಡದಲ್ಲಿ ಪಟಿಕದ ತುಂಡನ್ನು ಆಡಿಸಿದರೆ ಮಣ್ಣು ಹೇಗೆ ಅಡಿಗೆ ಕೂರುವುದೋ, ಸಿಹಿನೀರು ಉಪ್ಪುನೀರನ್ನು ಸಂಧಿಸುವಲ್ಲಿ ಆ ಜೇಡಿಯೂ ಹಾಗೆಯೇ ಕಣಕ್ಕೆ ಕಣ ಅಂಟಿ ಭಾರವಾಗಿ ಕೆಳಗಿಳಿಯುವುದು. ಕಾಂಡ್ಲದ ಬೇರುಗಳ ಜಾಲ ನೀರಿನ ಓಟವನ್ನು ತಡೆಯುವುದರಿಂದ ಅದು ಅಲ್ಲಿಯೇ ನಿಂತುಬಿಡುವುದು. ತಾಮ್ರ, ಸತು, ಸೀಸಗಳನ್ನೂ ಹಲವು ಬಗೆಯ ಕೀಟನಾಶಕಗಳನ್ನೂ ಮೈಗೆ ಅಂಟಿಸಿಕೊಂಡು ಬರುವುದು ಈ ನುಣ್ಣನೆಯ ಜೇಡಿಯೇ. ದಪ್ಪ ಮರಳಿಗೆ ಆ ಗುಣ ಬಹಳ ಕಡಿಮೆ. ಆದುದರಿಂದ ಹೊಳೆಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿ, 'ನೀರು ಚೆನ್ನಾಗಿದೆ' ಎಂದು ಬಂದ ಕಾಗದವನ್ನು ನೋಡಿ ಸಮಾಧಾನಪಡುವುದು ಅರ್ಧ ಕೆಲಸ. ನೀರು ಆ ದಿನದ ಮಾತನ್ನು ಹೇಳುವುದು. ಹತ್ತಾರು ವರ್ಷಗಳ ಲೆಕ್ಕ ಕೆಸರಿನಲ್ಲಿ ಇರುವುದು.

ಇನ್ನು ಆ ಕೆಸರಿನ ಒಳಗಿನ ವ್ಯವಹಾರ. ಮೇಲಿನ ತೆಳ್ಳನೆಯ ಪದರವೊಂದನ್ನು ಬಿಟ್ಟರೆ ಕೆಳಗೆ ಗಾಳಿಯಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಉದುರಿದ ಎಲೆ-ಬೇರುಗಳನ್ನು ಕೊಳೆಸುವಾಗ ಕಡಲ ನೀರಿನಲ್ಲಿರುವ ಗಂಧಕವನ್ನು ಉಪಯೋಗಿಸಿಕೊಳ್ಳುತ್ತವೆ. ಕಾಂಡ್ಲದ ಕೆಸರನ್ನು ತುಳಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಹೀಗೆ ಹುಟ್ಟಿದ ಗಂಧಕ ತಾಮ್ರವನ್ನು, ಸತುವನ್ನು, ಸೀಸವನ್ನು ಹಿಡಿದು ನೀರಿನಲ್ಲಿ ಕರಗದ ಕರಿಯ ವಸ್ತುವನ್ನಾಗಿ ಮಾಡುವುದು. ಕಬ್ಬಿಣದೊಂದಿಗೆ ಸೇರಿ ಪೈರೈಟ್ ಎಂಬ ಹರಳಾಗುವುದು. ಗಿಡವೂ ತನ್ನ ಕೈಲಾದದ್ದನ್ನು ಮಾಡುವುದು: ಕಾಂಡ್ಲದ ಬೇರು ಕೆಸರಿನೊಳಕ್ಕೆ ಗಾಳಿಯನ್ನು ಒಯ್ಯುವುದರಿಂದ ಬೇರಿನ ಸುತ್ತ ಕಬ್ಬಿಣದ ತುಕ್ಕಿನ ತೆಳುವಾದ ಹೊದಿಕೆ ಕಟ್ಟಿ, ಅದಕ್ಕೂ ಬಹಳಷ್ಟು ಲೋಹ ಅಂಟಿಕೊಳ್ಳುತ್ತದೆ. ಹೀಗಾಗಿ ಕೆಸರಿನಲ್ಲಿ ಲೋಹ ಎಷ್ಟಿದ್ದರೂ ಎಲೆಗೆ ಏರುವುದು ಅದರಲ್ಲಿ ಸಣ್ಣ ಪಾಲು. ಗೂಟದಂಥ ಉಸಿರುಬೇರುಗಳನ್ನು ಮೇಲಕ್ಕೆ ಬಿಡುವ ಜಾತಿಯೊಂದಿದೆಯಷ್ಟೆ, ಅದು ಎಲೆಯ ಮೇಲೆ ಉಪ್ಪಿನ ಹರಳನ್ನು ಹೊರಚೆಲ್ಲುವಾಗ ಸ್ವಲ್ಪ ಲೋಹವನ್ನೂ ಜೊತೆಗೆ ಚೆಲ್ಲುತ್ತದೆಂದು ಕಂಡುಕೊಂಡಿದ್ದಾರೆ.

ಅಂದರೆ ಅಳಿವೆಯ ಕೆಸರು ಒಂದು ಬೀಗ ಹಾಕಿದ ಕೋಣೆ. ಆದರೆ ಬೀಗದ ಕೈ ಗಾಳಿಯ ಹತ್ತಿರ ಇದೆ. ಕೆಸರನ್ನು ಅಗೆದು ಮೇಲೆ ಹಾಕಿದಿರೋ, ಒಡ್ಡು ಕಟ್ಟಿ ಉಬ್ಬರದ ನೀರನ್ನು ತಡೆದು ಒಣಗಿಸಿದಿರೋ, ಪೈರೈಟಿಗೆ ಗಾಳಿ ತಾಗಿ ಗಂಧಕಾಮ್ಲವಾಗುವುದು. ಬ್ಯಾಟರಿಯಲ್ಲಿ ತುಂಬುವ ಆಮ್ಲ ಯಾವುದೋ ಇದೂ ಅದೇ. ಆ ಹುಳಿಗೆ ಜೇಡಿಮಣ್ಣಿನೊಳಗಿನ ಅಲ್ಯುಮಿನಿಯಂ ಕರಗುವುದು, ಇಷ್ಟು ದಿನ ಕಟ್ಟಿಹಾಕಿದ್ದ ತಾಮ್ರ ಸತುಗಳೂ ಬಿಡುಗಡೆಯಾಗುವುವು.

ಇದು ಪುಸ್ತಕದ ಮಾತು ಮಾತ್ರವೆಂದು ತಿಳಿಯಬೇಡಿ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಕೇರ್ನ್ಸ್ ಎಂಬ ಬಂದರು ಪಟ್ಟಣವಿದೆ. ನಮ್ಮಂತೆಯೇ ಮಳೆ ಧಾರಾಳವಾಗಿರುವ ಉಷ್ಣಪ್ರದೇಶ. ಅದರ ಎದುರು ದಡದಲ್ಲಿ ಈಸ್ಟ್ ಟ್ರಿನಿಟಿ ಎಂಬ ಕಾಂಡ್ಲದ ಜೌಗು ನೆಲವನ್ನು 1970ರ ದಶಕದ ಆರಂಭದಲ್ಲಿ ಕಬ್ಬು ಬೆಳೆಯುವ ಉದ್ದೇಶದಿಂದ ಉದ್ದನೆಯ ಒಡ್ಡು ಕಟ್ಟಿ ಒಣಗಿಸಿದರು. ಉಬ್ಬರ ಬಾರದಂತೆ ಬಾಗಿಲುಗಳನ್ನಿಟ್ಟರು, ಕಾಲುವೆ ತೋಡಿ ನೀರು ಬಸಿದರು. ನೋಡಲಿಕ್ಕೆ ಕರಿಯ, ಮೃದುವಾದ, ಒಳ್ಳೆಯ ಮಣ್ಣು. ಕೆಲವೇ ವರ್ಷಗಳಲ್ಲಿ 700 ಹೆಕ್ಟೇರಿಗೂ ಮಿಕ್ಕಿದ ನೆಲ ಹುಳಿಯಾಯಿತು. ಕಬ್ಬಿನ ಬೇಸಾಯ ಕೈಗೂಡಲಿಲ್ಲ. ಮಳೆ ಬಂದಾಗಲೆಲ್ಲ ಹುಳಿನೀರು ಹೊಳೆಗಿಳಿದು ಮೀನು ಸತ್ತಿತು. ಒಡ್ಡಿನ ಒಳಗೆ ಮರಗಳೂ ಸತ್ತುವು. ಕೊನೆಗೆ 2000ದಲ್ಲಿ ಅಲ್ಲಿನ ಪ್ರಾಂತ ಸರಕಾರವೇ ಆ ಜಾಗವನ್ನು ಕೊಂಡುಕೊಂಡಿತು. ಅವರು ಮಾಡಿದ ಉಪಾಯ ಕೃಷಿಕನಿಗೆ ಅರ್ಥವಾಗುವಂಥದು. ಅಷ್ಟು ದೊಡ್ಡ ನೆಲಕ್ಕೆ ಸುಣ್ಣ ಹರಡಿ ಉತ್ತು ಪೂರೈಸುವಂತಿಲ್ಲ. ಆದಕಾರಣ ಬಾಗಿಲುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರು, ಬರುವ ನೀರಿಗೆ ಸುಣ್ಣವನ್ನು ಬೆರೆಸಿದರು. ಕಡಲ ನೀರಿಗೇ ಹುಳಿಯನ್ನು ಮುರಿಯುವ ಗುಣ ಸ್ವಲ್ಪ ಇದೆ, ಸುಣ್ಣ ಅದಕ್ಕೆ ಕೈಗೂಡಿಸಿತು. ಮಣ್ಣಿನ ಹುಳಿ ಇಳಿಯುತ್ತಾ ಬಂತು, ಮೀನು ಹಿಂತಿರುಗಿತು, ಕಾಂಡ್ಲ ತಾನಾಗಿ ಮೊಳೆಯಿತು. ಒಡ್ಡು ಕಟ್ಟಲು ಒಮ್ಮೆ ಖರ್ಚು, ಅದರ ಬಾಗಿಲು ತೆರೆಯಲು ಇನ್ನೊಮ್ಮೆ ಖರ್ಚು. ನಡುವೆ ಸುಮಾರು ಮೂವತ್ತು ವರ್ಷ ಹೋಯಿತು.

ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ. ಇದೇ ಕೇರಳದ ಕುಟ್ಟನಾಡಿನಲ್ಲಿ ಕರಿ ಎಂದು ಕರೆಯಲ್ಪಡುವ ಕಪ್ಪು ಮಣ್ಣಿನ ಗದ್ದೆಗಳಿವೆ. ಅದರಡಿಯಲ್ಲಿ ಹಳೆಯ ಕಾಡಿನ ಮರದ ತುಂಡುಗಳು ಇಂದಿಗೂ ಸಿಗುತ್ತವೆ. ಆ ಗದ್ದೆಗಳ ಪಿಎಚ್ 4ಕ್ಕಿಂತಲೂ ಕೆಳಗಿಳಿಯುವುದುಂಟು. ನೀರು ನಿಲ್ಲಿಸಿ ತೊಳೆದು, ಸುಣ್ಣ ಹಾಕಿ ಅಲ್ಲಿನವರು ಬೆಳೆ ತೆಗೆಯುತ್ತಾರೆ. ನಮಗೆ ಇನ್ನೂ ಹತ್ತಿರದ ಕಣ್ಣೂರು ಕಡೆಯ ಕೈಪಾಡ್ ಗದ್ದೆಗಳಲ್ಲಿ ಮಳೆ ಶುರುವಾಗುವ ಮೊದಲು ಮೇಲ್ಮಣ್ಣನ್ನು ಮಾತ್ರ ಎಳೆದು ಸಣ್ಣ ಗುಡ್ಡೆಗಳನ್ನು ಮಾಡಿ, ಮಳೆನೀರಿಗೆ ಉಪ್ಪೂ ಹುಳಿಯೂ ತೊಳೆದುಹೋದ ಮೇಲೆ ಬಿತ್ತುತ್ತಾರೆ. ಆಳಕ್ಕೆ ಅಗೆಯುವುದಿಲ್ಲ, ಉಬ್ಬರವನ್ನು ಖಾಯಂ ಆಗಿ ತಡೆಯುವುದಿಲ್ಲ. ಯಾವ ಪ್ರಯೋಗಶಾಲೆಯೂ ಹೇಳಿಕೊಡುವ ಮೊದಲೇ ಇದನ್ನು ಕಂಡುಕೊಂಡವರ ಬುದ್ಧಿವಂತಿಕೆಗೆ ಮೆಚ್ಚಲೇಬೇಕು.

ಸಂಶಯವಿರುವವರು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮುಷ್ಟಿ ಕರಿ ಕೆಸರನ್ನು ತಟ್ಟೆಯಲ್ಲಿ ಬೆರಳಿನಷ್ಟು ದಪ್ಪಕ್ಕೆ ಹರಡಿ, ನೆರಳಿನಲ್ಲಿಟ್ಟು, ಪೂರ್ತಿ ಒಣಗದ ಹಾಗೆ ಆಗಾಗ ಸ್ವಲ್ಪ ನೀರು ಚಿಮುಕಿಸುತ್ತಾ ಎರಡು ತಿಂಗಳು ಇಡಿ. ಮೊದಲ ದಿನವೂ ಕೊನೆಯ ದಿನವೂ ಪಿಎಚ್ ಕಾಗದದಿಂದ ನೋಡಿ. 7ರ ಹತ್ತಿರ ಇದ್ದದ್ದು 4ಕ್ಕೆ ಅಥವಾ ಅದರ ಕೆಳಗೆ ಇಳಿದರೆ ಆ ಮಣ್ಣಿನ ಸಂಗತಿ ತಿಳಿದಂತಾಯಿತು. ನಮ್ಮ ಮುರಕಲ್ಲಿನ ಮಣ್ಣು ಮೊದಲೇ ಹುಳಿ. ಅದಕ್ಕೆ ಇದನ್ನೂ ಸುರಿದು, ಮೇಲಿಂದ ಸುಣ್ಣ ಹಾಕುವುದು ಯಾವ ಲೆಕ್ಕ?

ಈಗ ನಮ್ಮದೇ ಪಾಲಿಗೆ ಬರುತ್ತೇನೆ. ಕಂಗಿನ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ ರೂಢಿಗೆ ತಂದವರು ಲೆಸ್ಲಿ ಕೋಲ್ಮನ್ ಎಂಬ ಕೃಷಿವಿಜ್ಞಾನಿ. 1910ರ ಸುಮಾರಿನ ಮಾತು. ಅದಕ್ಕೆ ಮೊದಲು ಫ್ರಾನ್ಸಿನಲ್ಲಿ 1885ರಲ್ಲಿ ದ್ರಾಕ್ಷಿಬಳ್ಳಿಯ ರೋಗಕ್ಕೆ ಮಿಲಾರ್ಡೆ ಎಂಬವರು ಅದನ್ನು ಪ್ರಕಟಿಸಿದ್ದರು. ಆ ಮದ್ದು ಇಲ್ಲದಿರುತ್ತಿದ್ದರೆ ನಮ್ಮ ಬೈಲುಗಳಲ್ಲಿ ಇಷ್ಟು ಕಂಗು ಉಳಿಯುತ್ತಿರಲಿಲ್ಲ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಲೆಕ್ಕ ಲೆಕ್ಕವೇ. ಶೇಕಡ ಒಂದರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಪಾಲು ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ಬೇಕಾಯಿತೆಂದು ಇಟ್ಟುಕೊಳ್ಳಿ. ತಾಮ್ರ ಒಂದು ಕಿಲೋ ಆಯಿತು. ವರ್ಷಕ್ಕೆ ಎರಡು ಸಲ ಮದ್ದು ಬಿಟ್ಟರೆ ಎರಡು ಕಿಲೋ, ಮಳೆ ಎಳೆದು ಮೂರನೆಯ ಸಲ ಬಿಡಬೇಕಾದರೆ ಮೂರು. ಎರಡೇ ಎಂದು ಹಿಡಿದರೂ ಐವತ್ತು ವರ್ಷಕ್ಕೆ ನೂರು ಕಿಲೋ. ಸೆಗಣಿ ಗೊಬ್ಬರದಂತೆ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣಿನ ತೂಕ ಸುಮಾರು 800 ಟನ್ ಎಂದು ಹಿಡಿದು ಭಾಗಿಸಿದರೆ, ಎಲ್ಲವೂ ಅಲ್ಲೇ ನಿಂತಿದ್ದ ಪಕ್ಷದಲ್ಲಿ, ಕಿಲೋ ಮಣ್ಣಿಗೆ 125 ಮಿಲಿಗ್ರಾಂ ತಾಮ್ರ ಹೆಚ್ಚುವರಿಯಾಗಿ ಸೇರಿದಂತಾಗುವುದು. ಸಾಧಾರಣ ಮಣ್ಣಿನಲ್ಲಿ ಹುಟ್ಟಿನಿಂದ ಇರುವುದು ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಆ ಮದ್ದಿನ ತವರಾದ ಯುರೋಪಿನಲ್ಲಿಯೇ 2019ರಿಂದ ಕಟ್ಟುನಿಟ್ಟು ಬಂದಿದೆ: ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಕೂಡದು. ಎಕರೆಯ ಲೆಕ್ಕಕ್ಕೆ ವರ್ಷಕ್ಕೆ ಸರಾಸರಿ 1.6 ಕಿಲೋ. ನಮ್ಮ ಎರಡು ಸಲದ ಸಾದಾ ಲೆಕ್ಕವೇ ಅದನ್ನು ದಾಟುವುದು.

ಎಲ್ಲವೂ ತೋಟದಲ್ಲೇ ನಿಲ್ಲುವುದಿಲ್ಲವಷ್ಟೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಇಳಿಜಾರು ನೆಲದಲ್ಲಿ ತಾಮ್ರ ಹೊರಟುಹೋಗುವುದು ಹೆಚ್ಚಾಗಿ ಮಣ್ಣಿನ ಜೊತೆಗೆ, ಆ ನುಣ್ಣನೆಯ ಜೇಡಿಯ ಬೆನ್ನ ಮೇಲೆ. ಕೊಡಗಿನ ಗುಡ್ಡದಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯದ ಕಂಗಿನ ತೋಟಗಳ ನಡುವೆ ಇಳಿದು, ಗಡಿ ದಾಟಿ, ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಪಕ್ಕದಲ್ಲಿ ಕಡಲು ಸೇರುವುದು. 1956ರಲ್ಲಿ ಎಳೆದ ಗೆರೆಯ ವಿಷಯದಲ್ಲಿ ನಮಗೆ ಏನೇ ಅಭಿಪ್ರಾಯವಿರಲಿ, ಆ ಗೆರೆಯ ಎರಡೂ ಕಡೆಯ ಮೈಲುತುತ್ತಿಗೆ ಅಳಿವೆ ಒಂದೇ. ಶಿರಿಯ, ಮೊಗ್ರಾಲ್ ಹೊಳೆಗಳ ಸಂಗತಿಯೂ ಬೇರೆಯಲ್ಲ.

'ಸ್ವಲ್ಪ ತಾಮ್ರದಿಂದ ಏನಾದೀತು?' ಎಂಬವರುಂಟು. ಏಡಿಯ ರಕ್ತದಲ್ಲಿಯೇ ತಾಮ್ರವಿದೆ, ಅದರ ನೀಲಿ ಬಣ್ಣಕ್ಕೆ ಕಾರಣವೂ ಅದೇ. ಆದುದರಿಂದ ತಾಮ್ರ ಅದಕ್ಕೆ ವಿಷವಲ್ಲ ಎಂದು ವಾದಿಸಿದವರನ್ನೂ ಕೇಳಿದ್ದೇನೆ! ಬೇಕಾದಷ್ಟಕ್ಕೂ ಮಿಕ್ಕಿದ್ದಕ್ಕೂ ವ್ಯತ್ಯಾಸವಿಲ್ಲವೆ? ದೋಣಿ ಹಡಗುಗಳ ಅಡಿಗೆ ಚಿಪ್ಪುಪ್ರಾಣಿಗಳು ಅಂಟಿ ಬೆಳೆಯದಿರಲೆಂದು ಬಳಿಯುವ ಬಣ್ಣದಲ್ಲಿ ಬೆರೆಸುವುದು ತಾಮ್ರವನ್ನೇ. ಮರುವಾಯಿಯ, ಸಿಂಪಿಯ ಎಳೆಮರಿಗಳಿಗೆ ಅದು ಬಲುಬೇಗ ತಟ್ಟುವುದೆಂಬುದು ಬಣ್ಣ ಮಾಡುವವರಿಗೆ ಗೊತ್ತಿದ್ದ ಸಂಗತಿ. ಕೆಸರಿನಲ್ಲಿ ಕಿಲೋಗೆ 34 ಮಿಲಿಗ್ರಾಂಗಿಂತ ಕಡಿಮೆ ತಾಮ್ರವಿದ್ದರೆ ಜೀವಿಗಳಿಗೆ ಹಾನಿ ಅಪರೂಪ, 270 ದಾಟಿದರೆ ಹಾನಿ ಸಾಮಾನ್ಯ ಎಂಬ ಅಂದಾಜನ್ನು ಅಮೆರಿಕದ ತಜ್ಞರು 1995ರಲ್ಲಿ ಪ್ರಕಟಿಸಿದ್ದಾರೆ. ಗಂಧಕದ ಬೀಗ ಗಟ್ಟಿಯಾಗಿರುವಲ್ಲಿ ಇದಕ್ಕಿಂತ ಹೆಚ್ಚಿದ್ದರೂ ತೊಂದರೆ ಕಾಣದಿರಬಹುದು. ಸಡಿಲವಾದಲ್ಲಿ ಕಡಿಮೆಯಿದ್ದರೂ ಕಾಣಬಹುದು. ವಿಚಿತ್ರವೇನೆಂದರೆ ನಮ್ಮ ಮದ್ದಿನ ಇನ್ನರ್ಧವಾದ ಚಿಪ್ಪುಸುಣ್ಣ ಬರುವುದೂ ಇದೇ ಅಳಿವೆಗಳ ಚಿಪ್ಪಿನಿಂದ.

ಹಾಗಾದರೆ ತಪ್ಪೆಲ್ಲ ಕೃಷಿಕನದ್ದೇ ಎಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಪೇಟೆಯ ಚರಂಡಿ, ಹೆದ್ದಾರಿಯಲ್ಲಿ ಸವೆಯುವ ಟಯರಿನ ಸತು, 2000ದಲ್ಲಿ ನಿಲ್ಲುವ ತನಕ ಪೆಟ್ರೋಲಿನಲ್ಲಿ ಬರುತ್ತಿದ್ದ ಸೀಸ, ದೋಣಿಗಳ ಎಣ್ಣೆ, ಎಲ್ಲವೂ ಸೇರುವುದು ಅದೇ ಕೆಸರಿಗೆ. ನಮ್ಮ ಗೇರುತೋಟಗಳ ಮೇಲೆ 1978ರಿಂದ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಈ ಜಿಲ್ಲೆಯಲ್ಲಿ ಮರೆಯುವವರಾರು? 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ, ಮಣ್ಣಿಗೂ ಕೆಸರಿಗೂ ಅಂಟುವುದು ಹೆಚ್ಚು. ತೋಡಿನ ನೀರಿನಲ್ಲಿ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಇರಲೇ ಇಲ್ಲವೆಂದು ವಾದಿಸುವುದು ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುವುದು.

ಕಾಂಡ್ಲದ ಕೆಸರು ಎಲ್ಲ ವಿಷವನ್ನೂ ಕಟ್ಟಿಹಾಕುತ್ತದೆ ಎಂಬ ನಂಬಿಕೆಯೂ ಬೇಡ. ಪಾದರಸದ ಮಟ್ಟಿಗೆ ವಿಷಯ ತಿರುವುಮುರುವು. ಗಾಳಿಯಿಲ್ಲದ ಅದೇ ಕೆಸರಿನಲ್ಲಿ ಅದೇ ಬಗೆಯ ಸೂಕ್ಷ್ಮಾಣುಗಳು ಪಾದರಸವನ್ನು ಮೀನಿನ ಮಾಂಸಕ್ಕೆ ಸೇರುವಂಥ ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ. ಎಣ್ಣೆಯ ಕಥೆ ಪನಾಮಾ ದೇಶದ್ದು ಪ್ರಸಿದ್ಧ. 1986ರ ಏಪ್ರಿಲಿನಲ್ಲಿ ಅಲ್ಲಿನ ಕೆರಿಬಿಯನ್ ಕರಾವಳಿಯಲ್ಲಿ ಎಣ್ಣೆಯ ತೊಟ್ಟಿಯೊಂದು ಒಡೆದು 80 ಲಕ್ಷ ಲೀಟರಿಗೂ ಮಿಕ್ಕಿ ಕಚ್ಚಾ ಎಣ್ಣೆ ಹರಿಯಿತು. ಹತ್ತಾರು ಹೆಕ್ಟೇರ್ ಕಾಂಡ್ಲ ಸತ್ತಿತು. ಬೇರಿಗೆ ಅಂಟಿದ್ದ ಸಿಂಪಿಗಳು ಸತ್ತುವು. ದಡ ತೊಳೆದು ಕಡಲು ತಿಳಿಯಾದ ಮೇಲೂ ಕೆಸರಿನೊಳಗಿಂದ ಎಣ್ಣೆ ಐದು ವರ್ಷಗಳ ತನಕ ಒಸರುತ್ತಲೇ ಇತ್ತು. ಪೂರ್ತಿ ಗುಣವಾಗಲು ಇಪ್ಪತ್ತು ವರ್ಷವಾದರೂ ಬೇಕೆಂದು ಪರೀಕ್ಷಿಸಿದವರು ಅಂದಾಜು ಮಾಡಿದರು.

ಈಚೆಗೆ ಕಾಂಡ್ಲ ನೆಡುವ ಉತ್ಸಾಹ ಎಲ್ಲೆಡೆ ಕಾಣುತ್ತಿದೆ. ಸಂತೋಷ. ಕಣ್ಣೂರಿನ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ಸಾಮಾನ್ಯ ದುಡಿಮೆಗಾರ 1989ರಿಂದ ತಾವಾಗಿ ನೆಟ್ಟು ಬೆಳೆಸಿ ತೋರಿಸಿದ್ದು, 2015ರಲ್ಲಿ ಅವರು ತೀರಿಕೊಂಡ ಮೇಲೆಯೂ ಜನ ನೆನೆಯುವ ಕೆಲಸ. ಆದರೆ ಗಿಡ ನೆಟ್ಟು ಚಿತ್ರ ತೆಗೆಸಿಕೊಂಡು, ಮೇಲಿನಿಂದ ಕಳುಹಿಸುವುದನ್ನು ಹಾಗೆಯೇ ಕಳುಹಿಸುತ್ತಿದ್ದರೆ ಅಳಿವೆಯನ್ನು ಕೊಚ್ಚೆಗುಂಡಿಯೆಂದು ಒಪ್ಪಿಕೊಂಡಂತೆ. 2019ರ ಕರಾವಳಿ ನಿಯಂತ್ರಣ ಅಧಿಸೂಚನೆ ಕಾಂಡ್ಲವನ್ನು ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿಸಿದೆ, ನಿಜ. ಮರವನ್ನು ಕಡಿಯದಿದ್ದರೆ ಸಾಕೆಂದು ಅದನ್ನು ಓದಿಕೊಳ್ಳಬಾರದು.

ತೋಟದಲ್ಲಿ ನಮ್ಮಿಂದ ಆಗತಕ್ಕದ್ದು ಕೆಲವಿದೆ. ಮಳೆಗೆ ಮೊದಲೇ ಗೊನೆಗೆ ಕೊಟ್ಟೆ ಕಟ್ಟುವ ಮಲೆನಾಡಿನ ಹಳೆಯ ಕ್ರಮ, ಈಗ ಪ್ಲಾಸ್ಟಿಕ್ ಹೊದಿಕೆಯ ರೂಪದಲ್ಲಿ, ಕೊಳೆಗೆ ಒಳ್ಳೆಯ ತಡೆ. ಮರ ಹತ್ತುವವರು ಸಿಗದ ಈ ದಿನಗಳಲ್ಲಿ ಎಲ್ಲರಿಗೂ ಸಾಧ್ಯವೆಂದು ಹೇಳಲಾರೆ, ರೋಗ ಮೊದಲು ಬರುವ ತಗ್ಗಿನ ಸಾಲುಗಳಿಗಾದರೂ ಆದೀತು. ಬಿದ್ದ ಕೊಳೆ ಅಡಕೆಯನ್ನು ಹೆಕ್ಕಿ ತೆಗೆಯುವುದನ್ನು ಬಿಡಬಾರದು. ದ್ರಾವಣವನ್ನು ಅಳತೆಮೀರಿ ಗಟ್ಟಿ ಮಾಡಿದರೆ ಗುಣ ಹೆಚ್ಚೆಂಬುದು ಭ್ರಮೆ. ಚೂರಿಯನ್ನು ಅದ್ದಿ ನೋಡುವ ಹಳೆಯ ಪರೀಕ್ಷೆ ಇಂದಿಗೂ ಒಳ್ಳೆಯದೇ: ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ತಾಮ್ರ ಬಿಡುವಾಗಿ ನಿಂತಿದೆ ಎಂದರ್ಥ. ಡ್ರಮ್ಮನ್ನೂ ಪಂಪನ್ನೂ ತೋಡಿನಲ್ಲಿ ತೊಳೆಯುವುದನ್ನು ಇಂದೇ ನಿಲ್ಲಿಸಬಹುದು, ಅದಕ್ಕೆ ಯಾವ ಖರ್ಚೂ ಇಲ್ಲ. ಕಣಿಗಳ ನೀರು ತೋಡಿಗೆ ಬೀಳುವಲ್ಲಿ ಆಳಿನ ಸೊಂಟದಷ್ಟು ಆಳದ ಒಂದು ಹೊಂಡ ತೋಡಿದರೆ ಮಳೆನೀರು ಅಲ್ಲಿ ತಂಗಿ ಜೇಡಿಯ ಒಂದು ಪಾಲನ್ನು ಬಿಟ್ಟುಹೋಗುವುದು. ಬೇಸಗೆಯಲ್ಲಿ ಅದನ್ನೆತ್ತಿ ತೋಟಕ್ಕೇ ಹಾಕಿದರೆ, ಅಳಿವೆಯಿಂದ ಕೆಸರು ತರಬೇಕೆಂಬ ಆಸೆ ಇದ್ದವರಿಗೆ ಅವರದೇ ಮೇಲ್ಮಣ್ಣು ಮನೆಬಾಗಿಲಲ್ಲಿ ಸಿಕ್ಕಂತಾಯಿತು. ತಾಮ್ರವೂ ಅದರ ಜೊತೆಗೆ ಬರುವುದಷ್ಟೆ. ಆದರೆ ನಮ್ಮ ತೋಟದಲ್ಲಿರುವುದನ್ನು ಮಣ್ಣು ಪರೀಕ್ಷೆಯಿಂದ ಲೆಕ್ಕ ಹಿಡಿಯಬಹುದು, ಗೊಬ್ಬರದಿಂದಲೂ ಸುಣ್ಣದಿಂದಲೂ ಕಟ್ಟಿಹಾಕಬಹುದು.

ಉಳಿದದ್ದು ಪಂಚಾಯತುಗಳ, ಕೃಷಿಭವನಗಳ ಕೆಲಸ. ಹೊಳೆಯ ನೀರಿನ ಪರೀಕ್ಷೆಯ ಜೊತೆಗೆ ಅಳಿವೆಯ ಕೆಸರನ್ನೂ ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲೊಮ್ಮೆ ಮಳೆ ಕಳೆದ ಮೇಲೊಮ್ಮೆ, ಗೊತ್ತುಮಾಡಿದ ಜಾಗದಿಂದಲೇ ತೆಗೆಸಿ ಪರೀಕ್ಷಿಸಬೇಕು. ಫಲಿತಾಂಶವನ್ನು ಕಚೇರಿಯ ಕಡತದಲ್ಲಿ ಮಲಗಿಸದೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಫಲಕಕ್ಕೆ ಹಚ್ಚಬೇಕು. ತಾಮ್ರ, ಸತು, ಸೀಸ, ಪಾದರಸ ಇಷ್ಟನ್ನು ನೋಡಿದರೆ ಆರಂಭಕ್ಕೆ ಸಾಕು. ಇಳಿತದ ಹೊತ್ತಿನಲ್ಲಿ ಕಾಂಡ್ಲದ ಬುಡದಿಂದ ಒಂದು, ಹೊಳೆಯ ನಡುವಿನಿಂದ ಒಂದು, ಉಪ್ಪು ಮುಟ್ಟದ ಮೇಲಿನ ಜಾಗದಿಂದ ಒಂದು, ಹೀಗೆ ಮಾದರಿ ತೆಗೆಯಬೇಕು. ಮೇಲಿನ ಎರಡಂಗುಲದ ಕೆಸರೂ ಅದರ ಕೆಳಗಿನದ್ದೂ ಬೇರೆ ಬೇರೆ ಚೀಲಗಳಲ್ಲಿರಲಿ. ಚೀಲದಲ್ಲಿ ಗಾಳಿ ಉಳಿಯದಂತೆ ಬಾಯಿ ಕಟ್ಟಿ, ಮಂಜುಗಡ್ಡೆಯಲ್ಲಿಟ್ಟು, ಆದಷ್ಟು ಬೇಗ ಪ್ರಯೋಗಶಾಲೆಗೆ ತಲಪಿಸಬೇಕು. ತೆಗೆಯಲಿಕ್ಕೆ ಮರದ ಅಥವಾ ಪ್ಲಾಸ್ಟಿಕ್ಕಿನ ಸೌಟು ಒಳ್ಳೆಯದು. ಸತು ಹೊದಿಸಿದ ತಗಡಿನ ಬಕೆಟು, ಹಿತ್ತಾಳೆಯ ಚೊಂಬು ಇವುಗಳನ್ನು ಮುಟ್ಟಬಾರದು. ಪಾತ್ರೆಯ ಲೋಹವೇ ಲೆಕ್ಕಕ್ಕೆ ಸೇರಿಬಿಡುವುದು.